ಕುಂದುಗಳಿರುವ ಕಥಾಸರಣಿಯನ್ನು ಮೆಚ್ಚಿ ಓದುವುದು ತಪ್ಪೇ?

ಪ್ರಶ್ನೆ: ನಾನು ಮೊದಲಿನಿಂದಲೂ ಗಂಭೀರ ಸಾಹಿತ್ಯವನ್ನು ಓದಿಕೊಂಡು ಬಂದವಳು. ಆದರೆ ಕೆಲವು ವರ್ಷಗಳಿಂದ ಎಂಟು ಸಂಪುಟಗಳ ಒಂದು ಫ್ಯಾಂಟಸಿ ಕಾದಂಬರಿ ಸರಣಿಗೆ ಅಂಟಿಕೊಂಡಿದ್ದೇನೆ. ಅದರ ಭಾಷೆ ಸಪ್ಪೆ. ನಾಯಕಿಯ ಕಣ್ಣುಗಳು ‘ಪಚ್ಚೆಯಂತೆ ಹೊಳೆದವು’ ಎಂಬ ಮಾತು ಅಧ್ಯಾಯಕ್ಕೊಮ್ಮೆ ಬರುತ್ತದೆ. ಮಂತ್ರವಿದ್ಯೆಯ ನಿಯಮಗಳು ಲೇಖಕರ ಅನುಕೂಲಕ್ಕೆ ತಕ್ಕಂತೆ ಬದಲಾಗುತ್ತವೆ. ನಾಲ್ಕು ಮತ್ತು ಐದನೆಯ ಸಂಪುಟಗಳಲ್ಲಿ ಕಥೆ ಕದಲುವುದೇ ಇಲ್ಲ. ಜೌಗುನಾಡಿನ ಬುಡಕಟ್ಟೊಂದನ್ನು ಹುಟ್ಟಿನಿಂದಲೇ ದುಷ್ಟರೆಂಬಂತೆ ಚಿತ್ರಿಸಿರುವುದಂತೂ ನನ್ನನ್ನು ಕಾಡುತ್ತದೆ. ಇಷ್ಟೆಲ್ಲ ಗೊತ್ತಿದ್ದೂ ಇಡೀ ಸರಣಿಯನ್ನು ಎರಡನೆಯ ಸಲ ಓದುತ್ತಿದ್ದೇನೆ. ಮೂರನೆಯ ಸಂಪುಟದಲ್ಲಿ ನಾಯಕಿ ತನ್ನ ಹೆಸರನ್ನೇ ಸುಂಕವಾಗಿ ತೆತ್ತು ಸೇತುವೆ ದಾಟುವ ಭಾಗ ಬಂದಾಗ ಈಗಲೂ ಉಸಿರು ಬಿಗಿಹಿಡಿಯುತ್ತೇನೆ. ಆ ಪುಟಗಳನ್ನು ಪತ್ರದೊಂದಿಗೆ ಇಟ್ಟಿದ್ದೇನೆ. ಸ್ನೇಹಿತರು ಬಂದರೆ ಪುಸ್ತಕವನ್ನು ಮರೆಮಾಡುತ್ತೇನೆ, ಕೇಳಿದರೆ ‘ಅದೊಂದು ಗಿಲ್ಟಿ ಪ್ಲೆಷರ್’ ಎಂದು ಮಾತು ತೇಲಿಸುತ್ತೇನೆ. ನನ್ನ ಅಭಿರುಚಿ ಕೆಡುತ್ತಿದೆಯೇ? ಹದಿನಾಲ್ಕು ವರ್ಷದ ಮಗಳು ಈ ಪುಸ್ತಕಗಳನ್ನು ಕೇಳುತ್ತಿದ್ದಾಳೆ, ಕೊಡಲೇ?

ಉತ್ತರ: ನಿಮ್ಮ ಅಭಿರುಚಿ ಕೆಟ್ಟಿಲ್ಲ. ಕೆಟ್ಟಿದ್ದರೆ ಸರಣಿಯ ಕುಂದುಗಳನ್ನು ಸಂಪುಟಗಳ ಸಮೇತ ಹೀಗೆ ಗುರುತಿಸಿ ಬರೆಯಲು ನಿಮಗೆ ಆಗುತ್ತಿರಲಿಲ್ಲ. ಆದರೆ ಇಷ್ಟು ಭರವಸೆಯಿಂದಲೇ ನಿಮ್ಮ ಕಸಿವಿಸಿ ಹೋಗಲಾರದು; ಏಕೆಂದರೆ ನೀವು ಒಂದೇ ಹೆಸರಿನಿಂದ ಕರೆದುಕೊಂಡಿರುವ ಆ ಭಾವದೊಳಗೆ ಒಂದಕ್ಕೊಂದು ಅಷ್ಟಾಗಿ ಸಂಬಂಧವಿಲ್ಲದ ಸಂಗತಿಗಳು ಹೆಣೆದುಕೊಂಡಿವೆ. ಸ್ನೇಹಿತರು ಏನೆಂದುಕೊಂಡಾರು ಎಂಬ ಅಳುಕು ಅದರಲ್ಲಿದೆ, ಬರವಣಿಗೆಯ ಕುಂದುಗಳ ಬಗೆಗಿನ ಅತೃಪ್ತಿಯಿದೆ, ಜೌಗುನಾಡಿನ ಜನರ ಚಿತ್ರಣ ಎಬ್ಬಿಸುವ ನೈತಿಕ ಕಿರಿಕಿರಿಯೂ ಇದೆ. ನನ್ನ ಮಟ್ಟಿಗೆ ಅಳುಕನ್ನು ಕೈಬಿಡಬಹುದು, ಅತೃಪ್ತಿಯನ್ನು ಪಾಪಪ್ರಜ್ಞೆಯೆಂದು ಭಾವಿಸಬೇಕಾದ ಅಗತ್ಯವೇ ಇಲ್ಲ, ಆ ಕಿರಿಕಿರಿಯನ್ನು ಮಾತ್ರ ಜೋಪಾನವಾಗಿ ಉಳಿಸಿಕೊಳ್ಳಬೇಕು.

ಪುಸ್ತಕವನ್ನು ಬಚ್ಚಿಟ್ಟು ಓದುವ ಅಭ್ಯಾಸ ಬಹಳ ಹಳೆಯದು. ಹದಿನಾರನೆಯ ಶತಮಾನದ ಸ್ಪೇನಿನಲ್ಲಿ ವೀರಯೋಧರು, ಮಾಂತ್ರಿಕರು, ದೈತ್ಯರು ತುಂಬಿದ ಸಾಹಸಕಥೆಗಳು ಸರಣಿಸರಣಿಯಾಗಿ ಅಚ್ಚಾಗುತ್ತಿದ್ದವು. ನಮಗೆ ದೊರೆತಿರುವ ಅತಿ ಹಳೆಯ ಮುದ್ರಣ 1508ರದಾದ ‘ಅಮಾದಿಸ್ ದೆ ಗೌಲಾ’ ಅವುಗಳಲ್ಲಿ ಅಗ್ರಗಣ್ಯ. ಅದರ ಬೆನ್ನಿಗೇ ನಾಯಕನ ಮಗನ ಕಥೆ, ವಂಶದವರ ಕಥೆ ಎಂದು ಹಲವಾರು ಮುಂದುವರಿಕೆಗಳು ಬಂದವು. ಆವಿಲಾದ ಸಂತ ತೆರೇಸಾ ತಮ್ಮ ಆತ್ಮಚರಿತ್ರೆಯಲ್ಲಿ, ಇಂಥ ಪುಸ್ತಕಗಳೆಂದರೆ ತಾಯಿಗೆ ಇಷ್ಟವಿತ್ತೆಂದೂ, ತಂದೆಗೆ ಹಿಡಿಸುತ್ತಿರಲಿಲ್ಲವೆಂದೂ, ತಾವು ತಂದೆಯ ಕಣ್ತಪ್ಪಿಸಿ ಅವುಗಳಲ್ಲಿ ಮುಳುಗಿರುತ್ತಿದ್ದೆನೆಂದೂ, ಕೈಯಲ್ಲೊಂದು ಹೊಸ ಪುಸ್ತಕವಿಲ್ಲದಿದ್ದರೆ ಸಮಾಧಾನವೇ ಇರುತ್ತಿರಲಿಲ್ಲವೆಂದೂ ಬರೆದಿದ್ದಾರೆ. ಅವರು ಅದನ್ನು ತಪ್ಪೆಂದೇ ಎಣಿಸಿದರು. ಆದರೂ ಆ ಓದು ಅವರ ಭಾಷಾಪ್ರಜ್ಞೆಯನ್ನು ಕೆಡಿಸಲಿಲ್ಲ. ಸ್ಪ್ಯಾನಿಷ್ ಗದ್ಯದ ದೊಡ್ಡ ಲೇಖಕರ ಸಾಲಿನಲ್ಲಿ ಅವರ ಹೆಸರು ಇಂದಿಗೂ ಬರುತ್ತದೆ.

ಅದೇ ನಾಡಿನ ಸೆರ್ವಾಂಟಿಸ್ 1605ರಲ್ಲಿ ಪ್ರಕಟಿಸಿದ ‘ಡಾನ್ ಕ್ವಿಕ್ಸೋಟ್’ ಕಾದಂಬರಿಯ ಆರನೆಯ ಅಧ್ಯಾಯವನ್ನು ನೀವು ಒಮ್ಮೆ ಓದಬೇಕು. ನಾಯಕನ ತಲೆಕೆಡಿಸಿದ ಪುಸ್ತಕಗಳನ್ನೆಲ್ಲ ಸುಟ್ಟುಬಿಡಬೇಕೆಂದು ಮನೆಯವರು ಹಟಹಿಡಿದಾಗ, ಊರಿನ ಪಾದ್ರಿ ಒಪ್ಪುವುದಿಲ್ಲ. ಕನಿಷ್ಠ ಹೆಸರನ್ನಾದರೂ ನೋಡದೆ ಬೆಂಕಿಗೆ ಹಾಕುವಂತಿಲ್ಲ ಎನ್ನುತ್ತಾನೆ. ಒಂದೊಂದೇ ಪುಸ್ತಕ ವಿಚಾರಣೆಗೆ ಬರುತ್ತದೆ. ಆ ಬಗೆಯ ಪುಸ್ತಕಗಳಲ್ಲೆಲ್ಲ ಉತ್ತಮವಾದದ್ದೆಂಬ ಕಾರಣಕ್ಕೆ ‘ಅಮಾದಿಸ್’ ಉಳಿಯುತ್ತದೆ. ಅದರ ಮುಂದುವರಿಕೆಯಾದ ಮಗನ ಕಥೆ, ತಂದೆಯ ಗುಣ ಮಗನನ್ನು ಕಾಯಲಾರದು ಎಂಬ ತೀರ್ಪಿನೊಂದಿಗೆ ಕಿಟಕಿಯಿಂದ ಅಂಗಳಕ್ಕೆ ಬೀಳುತ್ತದೆ. ಈ ಪ್ರಕಾರವನ್ನು ಅಣಕಿಸಲು ಹೊರಟ ಲೇಖಕನಿಗೆ ಯಾವ ಸಂಪುಟ ಎಲ್ಲಿ ಗಟ್ಟಿ, ಎಲ್ಲಿ ಟೊಳ್ಳು ಎಂಬುದು ಇಷ್ಟು ಚೆನ್ನಾಗಿ ತಿಳಿದಿತ್ತು. ಮೆಚ್ಚಿ ಓದದವನಿಗೆ ಅಂಥ ತಿಳಿವಳಿಕೆ ಬರುವುದಿಲ್ಲ ಎಂದು ನಾನು ನಂಬುತ್ತೇನೆ. ನಿಮ್ಮ ಪತ್ರದಲ್ಲಿಯೂ ಇದೇ ಬಗೆಯ ತೀರ್ಪುಗಳಿವೆ: ಮೂರನೆಯದು ಉಳಿಯಬೇಕು, ನಾಲ್ಕು ಮತ್ತು ಐದು ಹೋದರೂ ನಷ್ಟವಿಲ್ಲ. ಸರಣಿಯನ್ನು ಇಡಿಯಾಗಿ ಒಪ್ಪಬೇಕು ಇಲ್ಲವೇ ಇಡಿಯಾಗಿ ತಳ್ಳಬೇಕು ಎಂಬ ಒತ್ತಾಯವನ್ನು ಮನಸ್ಸಿನಿಂದ ತೆಗೆದುಹಾಕಿದರೆ ಅರ್ಧ ಭಾರ ಇಳಿಯುತ್ತದೆ.

ಇನ್ನು ಬರವಣಿಗೆಯ ಕುಂದುಗಳ ವಿಚಾರ. ಒಂಬತ್ತನೆಯ ಶತಮಾನದ ಕಾಶ್ಮೀರದ ಆನಂದವರ್ಧನ ತನ್ನ ಕಾವ್ಯಮೀಮಾಂಸೆಯ ಗ್ರಂಥ ‘ಧ್ವನ್ಯಾಲೋಕ’ದ ಮೂರನೆಯ ಉದ್ಯೋತದಲ್ಲಿ, ಅಂದರೆ ಅಧ್ಯಾಯದಲ್ಲಿ, ಕಾವ್ಯದೋಷಗಳನ್ನು ಎರಡಾಗಿ ವಿಂಗಡಿಸುತ್ತಾನೆ. ವ್ಯುತ್ಪತ್ತಿ ಸಾಲದೆ, ಅಂದರೆ ತಿಳಿವಳಿಕೆಯೂ ವಿವೇಚನೆಯೂ ಸಾಲದೆ ಆಗುವ ದೋಷ ಒಂದು. ಶಕ್ತಿಯೇ ಇಲ್ಲದೆ, ಅಂದರೆ ಪ್ರತಿಭೆಯೇ ಇಲ್ಲದೆ ಆಗುವ ದೋಷ ಇನ್ನೊಂದು. ಮೊದಲನೆಯದು ಕವಿಯ ಶಕ್ತಿಯಿಂದ ಮರೆಯಾಗಬಲ್ಲುದು, ಎರಡನೆಯದು ತಟ್ಟನೆ ಕಣ್ಣಿಗೆ ಹೊಡೆಯುತ್ತದೆ ಎನ್ನುತ್ತಾನೆ ಆತ. ಶಿವಪಾರ್ವತಿಯರ ಶೃಂಗಾರವನ್ನು ಕಾಳಿದಾಸ ವರ್ಣಿಸಿದ್ದು ಔಚಿತ್ಯದ ದೃಷ್ಟಿಯಿಂದ ದೋಷವೇ ಆದರೂ ಆ ಮಹಾಕವಿಯ ಶಕ್ತಿಯ ಮುಂದೆ ಓದುಗರಿಗೆ ಹಾಗೆ ತೋರುವುದಿಲ್ಲ ಎಂಬುದು ಅವನು ಕೊಡುವ ಉದಾಹರಣೆ. ದೋಷವನ್ನು ದೋಷವೆಂದೇ ಕರೆದು, ಅದರ ಜೊತೆಗೇ ಕಾವ್ಯದ ಆನಂದವನ್ನೂ ಒಪ್ಪಿಕೊಳ್ಳುವ ಈ ನಿಲುವನ್ನು ನಾನು ಬಹಳ ಗೌರವಿಸುತ್ತೇನೆ. ನಿಮ್ಮ ಸರಣಿಯ ಲೇಖಕರನ್ನು ಕಾಳಿದಾಸನೊಂದಿಗೆ ತೂಗಬೇಕೆಂದು ನಾನು ಹೇಳುತ್ತಿಲ್ಲ. ಕುಂದುಗಳಿದ್ದೂ ನೀವು ಏಕೆ ಓದುತ್ತೀರಿ ಎಂಬುದನ್ನು ಪರೀಕ್ಷಿಸಲು ಈ ವಿಂಗಡಣೆ ಸಾಕಷ್ಟು ಚೂಪಾದ ಸಾಧನವಾಗಿದೆ.

ನೀವು ಕಳುಹಿಸಿದ ಪುಟಗಳನ್ನೇ ತೆಗೆದುಕೊಳ್ಳೋಣ. ಸೇತುವೆಯ ಬಳಿ ಕುಳಿತ ಮುದುಕಿ ಚಿನ್ನವನ್ನು ಮುಟ್ಟುವುದಿಲ್ಲ. ತಾಯಿ ಇಟ್ಟ ಹೆಸರನ್ನು ಕೊಡು ಎನ್ನುತ್ತಾಳೆ. ನಾಯಕಿ ಸ್ವಲ್ಪ ಹೊತ್ತು ಸುಮ್ಮನಿದ್ದು, ತನ್ನ ಹೆಸರನ್ನು ಒಮ್ಮೆ ಮಾತ್ರ ಗಟ್ಟಿಯಾಗಿ ಹೇಳುತ್ತಾಳೆ. ಅಲ್ಲಿಂದ ಮುಂದೆ ಕಥೆ ಹೇಳುವ ದನಿಯೂ ಆ ಹೆಸರನ್ನು ಬಳಸುವುದಿಲ್ಲ, ಬರೀ ‘ಅವಳು’. ಆಚೆ ದಡದಲ್ಲಿ ಕಾದಿದ್ದ ಗೆಳೆಯ ಅವಳನ್ನು ಕರೆಯಲು ಬಾಯಿ ತೆರೆಯುತ್ತಾನೆ, ಏನೂ ಹೊರಡುವುದಿಲ್ಲ, ಕೈಬೀಸುತ್ತಾನೆ. ದುಃಖದ ಬಗ್ಗೆ ಲೇಖಕರು ಒಂದು ಮಾತನ್ನೂ ಆಡಿಲ್ಲ. ನಾನು ಗಮನಿಸಿದ ಇನ್ನೊಂದು ಸಂಗತಿಯೆಂದರೆ, ಇಷ್ಟೂ ಪುಟಗಳಲ್ಲಿ ಪಚ್ಚೆಯ ಕಣ್ಣುಗಳ ಪ್ರಸ್ತಾಪ ಒಮ್ಮೆಯೂ ಬಂದಿಲ್ಲ. ಸನ್ನಿವೇಶವೇ ಲೇಖಕರನ್ನು ಹಿಡಿದಿಟ್ಟಾಗ ಊರುಗೋಲಿನಂಥ ಆ ಮಾತು ಅವರಿಗೆ ಬೇಕಾಗಲಿಲ್ಲ. ಇದು ಶಕ್ತಿ. ನೀವು ಉಸಿರು ಬಿಗಿಹಿಡಿದದ್ದು ಸರಿಯಾದ ಜಾಗದಲ್ಲಿಯೇ.

ಹಾಗೆಂದು ಪಚ್ಚೆಯ ಕಣ್ಣುಗಳನ್ನು ಸಮರ್ಥಿಸಲು ನಾನು ಸಿದ್ಧನಿಲ್ಲ. ಈ ಸರಣಿಯ ಅಭಿಮಾನಿಗಳು ಇದಕ್ಕೊಂದು ವಾದವನ್ನು ಮುಂದಿಡಬಹುದು: ಹೋಮರನ ಮಹಾಕಾವ್ಯಗಳಲ್ಲಿಯೂ ಉಷೆ ಬಂದಾಗಲೆಲ್ಲ ಗುಲಾಬಿ ಬೆರಳುಗಳೊಂದಿಗೇ ಬರುತ್ತಾಳಲ್ಲವೇ ಎಂದು. ಆದರೆ ಅಂಥ ಸಿದ್ಧ ಪದಗುಚ್ಛಗಳು ಛಂದಸ್ಸಿನ ಅಳತೆಗೆ ಹೊಂದಿಕೊಂಡು, ಕೇಳುಗರ ಮುಂದೆಯೇ ಪದ್ಯ ಕಟ್ಟಿ ಹಾಡುವವನಿಗೆ ಆಧಾರವಾಗುತ್ತಿದ್ದವು ಎಂಬುದನ್ನು ಅಮೆರಿಕದ ವಿದ್ವಾಂಸ ಮಿಲ್ಮನ್ ಪ್ಯಾರಿ 1930ರ ಸುಮಾರಿಗೆ ತಮ್ಮ ಅಧ್ಯಯನಗಳಲ್ಲಿ ತೋರಿಸಿಕೊಟ್ಟರು. ಮೇಜಿನ ಮುಂದೆ ಕುಳಿತು, ತಿದ್ದಲು ಬೇಕಾದಷ್ಟು ಸಮಯವಿಟ್ಟುಕೊಂಡು ಗದ್ಯ ಬರೆಯುವವರಿಗೆ ಆ ಅಗತ್ಯವಿಲ್ಲ. ಇಲ್ಲಿ ಪುನರುಕ್ತಿ ಬರೀ ಆಲಸ್ಯ. ಪ್ರೀತಿಸುವ ಪುಸ್ತಕದ ದುರ್ಬಲ ಭಾಗಗಳಿಗೆ ಘನವಾದ ಕಾರಣಗಳನ್ನು ಹುಡುಕಿ ಹೊದಿಸುವುದು ಪುಸ್ತಕವನ್ನು ಬಚ್ಚಿಡುವುದಕ್ಕಿಂತ ಹೆಚ್ಚು ಹಾನಿಕರ ಎಂದು ನನಗೆ ತೋರುತ್ತದೆ, ಏಕೆಂದರೆ ಅಭಿರುಚಿ ನಿಜವಾಗಿ ಮೊಂಡಾಗುವುದು ಹಾಗೆ ಮಾಡುವಾಗಲೇ.

ನಡುವಿನ ಸಂಪುಟಗಳು ಜಡವಾಗುವುದಕ್ಕೆ ಸರಣಿಯ ಸ್ವರೂಪದಲ್ಲಿಯೇ ಕಾರಣವಿದೆ. ಒಂದೇ ಕಾದಂಬರಿಯನ್ನು ಬರೆಯುವವರು ಕೊನೆಯ ಅಧ್ಯಾಯ ಬರೆದ ಮೇಲೆ ಮೊದಲನೆಯದನ್ನು ತಿದ್ದಬಹುದು. ಸರಣಿಯಲ್ಲಿ ಮೊದಲ ಸಂಪುಟ ಆಗಲೇ ಓದುಗರ ಕೈಸೇರಿರುತ್ತದೆ. ಅದರಲ್ಲಿ ಕೊಟ್ಟ ಮಾತನ್ನು ಏಳನೆಯದರಲ್ಲಿಯೂ ಉಳಿಸಿಕೊಳ್ಳಬೇಕು, ಸಂಪುಟದಿಂದ ಸಂಪುಟಕ್ಕೆ ಹೆಚ್ಚುವ ಪಾತ್ರಗಳಿಗೆಲ್ಲ ಜಾಗ ಕೊಡಬೇಕು. ರಾಬರ್ಟ್ ಜೋರ್ಡನ್ ಅವರ ‘ದಿ ವೀಲ್ ಆಫ್ ಟೈಮ್’ ಇದಕ್ಕೆ ಪ್ರಸಿದ್ಧ ನಿದರ್ಶನ. 1990ರಲ್ಲಿ ಆರಂಭವಾದ ಆ ಸರಣಿಯ ಹತ್ತನೆಯ ಸಂಪುಟ 2003ರಲ್ಲಿ ಬಂದಾಗ, ಹಿಂದಿನ ಸಂಪುಟದ ಕೊನೆಯ ಮಹಾಘಟನೆಗೆ ಬೇರೆ ಬೇರೆ ಪಾತ್ರಗಳು ಹೇಗೆ ಪ್ರತಿಕ್ರಿಯಿಸಿದವು ಎಂಬುದರಲ್ಲಿಯೇ ಪುಸ್ತಕದ ಬಹುಪಾಲು ಕಳೆದುಹೋಯಿತೆಂದು ನಿಷ್ಠಾವಂತ ಓದುಗರೇ ದೂರಿದರು. ಆದರೂ ಅವರು ಸರಣಿಯನ್ನು ಬಿಡಲಿಲ್ಲ. ಜೋರ್ಡನ್ 2007ರಲ್ಲಿ ತೀರಿಕೊಂಡ ಮೇಲೆ, ಅವರು ಬಿಟ್ಟುಹೋದ ಟಿಪ್ಪಣಿಗಳನ್ನು ಆಧರಿಸಿ ಬ್ರ್ಯಾಂಡನ್ ಸ್ಯಾಂಡರ್ಸನ್ ಬರೆದ ಕೊನೆಯ ಮೂರು ಸಂಪುಟಗಳಿಗಾಗಿ, 2013ರಲ್ಲಿ ಹದಿನಾಲ್ಕನೆಯದು ಬರುವವರೆಗೂ ಕಾದರು.

ಅದಕ್ಕೂ ಹಿಂದಿನ ಉದಾಹರಣೆ ಎಲ್. ಫ್ರ್ಯಾಂಕ್ ಬಾಮ್ ಅವರು ಓಜ್ ಎಂಬ ಮಾಯಾನಾಡಿನ ಬಗ್ಗೆ ಮಕ್ಕಳಿಗಾಗಿ ಬರೆದ ಕಥೆಗಳು. 1900ರಲ್ಲಿ ಮೊದಲ ಪುಸ್ತಕ ಬಂತು. ಓಜ್‌ನ ರಾಜಕುಮಾರಿ ಮಾಟಗಾತಿಯ ವಶವಾದದ್ದು ಹೇಗೆ ಎಂಬುದಕ್ಕೆ 1904ರ ಪುಸ್ತಕದಲ್ಲಿ ಒಂದು ಕಾರಣವಿದ್ದರೆ, 1908ರ ಪುಸ್ತಕದಲ್ಲಿ ಅದಕ್ಕೆ ಹೊಂದದ ಇನ್ನೊಂದು ಕಾರಣವಿದೆ. ಸಾಕಾಗಿದೆಯೆಂದು ಬಾಮ್ 1910ರ ಪುಸ್ತಕದ ಕೊನೆಯಲ್ಲಿ ಆ ನಾಡನ್ನು ಹೊರಜಗತ್ತಿಗೆ ಅದೃಶ್ಯವಾಗಿಸಿ ಬಾಗಿಲು ಹಾಕಿದರು. 1913ರಲ್ಲಿ ಮತ್ತೆ ತೆರೆಯಬೇಕಾಯಿತು. ಕಣ್ಣು ತನ್ನಲ್ಲಿರುವ ಕಾಡಿಗೆಯನ್ನು ಕಾಣದಂತೆ ಬರೆಯುವವನು ತನ್ನ ದೋಷವನ್ನು ಕಾಣನು ಎನ್ನುತ್ತದೆ ನಮ್ಮ ‘ಕವಿರಾಜಮಾರ್ಗ’. ಸಾವಿರಾರು ಪುಟಗಳ ಸರಣಿಯಲ್ಲಿ ಆ ಮಾತು ಇನ್ನೂ ನಿಜ.

ಆದರೆ ನೀವು ಹೇಳಿದ ಕುಂದುಗಳಲ್ಲಿ ಒಂದನ್ನು ಮಾತ್ರ ನಾನು ಅಷ್ಟು ಸುಲಭವಾಗಿ ಕ್ಷಮಿಸಲಾರೆ. ಅದು ಮಂತ್ರವಿದ್ಯೆಯ ನಿಯಮಗಳು ಬದಲಾಗುವುದು. ಕಪಿಗಳು ಕಡಲಿಗೆ ಸೇತುವೆ ಕಟ್ಟಿದರೋ ಇಲ್ಲವೋ, ವಾಮನನ ಹೆಜ್ಜೆ ಮುಗಿಲನ್ನು ಮುಟ್ಟಿತೋ ಇಲ್ಲವೋ, ಕವಿಗಳಂತೂ ತಮ್ಮ ಕೃತಿಗಳಲ್ಲಿ ಕಟ್ಟಿದರು, ಮುಟ್ಟಿದರು ಎಂದು ಹಳಗನ್ನಡದ ಕವಿ ನೇಮಿಚಂದ್ರ ‘ಲೀಲಾವತಿ ಪ್ರಬಂಧ’ದಲ್ಲಿ ಕವಿಗಳ ಅಳವನ್ನು ಕೊಂಡಾಡಿದ್ದಾನೆ. ಅದ್ಭುತ ಕಥನಕ್ಕೆ ಇದಕ್ಕಿಂತ ದೊಡ್ಡ ಪರವಾನಗಿ ಬೇಕಾಗಿಲ್ಲ. ಆದರೆ ಕಟ್ಟಿದ ಸೇತುವೆ ಕೃತಿಯೊಳಗಾದರೂ ನಿಂತಿರಬೇಕು. ‘ದಿ ಲಾರ್ಡ್ ಆಫ್ ದಿ ರಿಂಗ್ಸ್’ ಬರೆದ ಜೆ. ಆರ್. ಆರ್. ಟೋಲ್ಕಿನ್ 1939ರಲ್ಲಿ ಸೇಂಟ್ ಆಂಡ್ರೂಸ್ ವಿಶ್ವವಿದ್ಯಾಲಯದಲ್ಲಿ ಮಾಡಿದ, ಮುಂದೆ ಪ್ರಬಂಧವಾಗಿ ಪ್ರಕಟವಾದ ಉಪನ್ಯಾಸದಲ್ಲಿ ಇದನ್ನೇ ವಾದಿಸಿದರು: ಕಥೆಗಾರ ಸೃಷ್ಟಿಸಿದ ಲೋಕದೊಳಗೆ ಇರುವಷ್ಟು ಹೊತ್ತು, ಆ ಲೋಕದ ನಿಯಮಗಳಿಗೆ ಒಪ್ಪುವ ಎಲ್ಲವೂ ನಮಗೆ ನಿಜವೇ, ಅಪನಂಬಿಕೆ ತಲೆಯೆತ್ತಿದ ಕ್ಷಣ ಕಟ್ಟು ಮುರಿದು, ನಾವು ಹೊರಗೆ ಬಂದು ನಿಂತಿರುತ್ತೇವೆ. ಮುಂದೊಂದು ಸಂಪುಟದಲ್ಲಿ ಮಂತ್ರದ ನಿಯಮವನ್ನು ಲೇಖಕರು ಕೈಬಿಟ್ಟರೆ, ಹೆಸರನ್ನು ತೆತ್ತು ದಾಟಿದ ಆ ಸೇತುವೆಯ ಬೆಲೆ ಹಿಂದಿನಿಂದಲೇ ಕುಸಿಯುತ್ತದೆ, ಏಕೆಂದರೆ ಆ ತ್ಯಾಗದ ನೋವೆಲ್ಲ ಹೋದದ್ದು ಮರಳಿ ಬಾರದು ಎಂಬ ನಿಯಮದ ಮೇಲೆಯೇ ನಿಂತಿತ್ತು. ಕಣ್ಣುಗಳ ವರ್ಣನೆ ಓದನ್ನು ಕ್ಷಣಕಾಲ ತಡೆಯುತ್ತದೆ, ಇದು ಹಿಂದಿನ ಓದನ್ನೇ ಕಸಿದುಕೊಳ್ಳುತ್ತದೆ. ಎರಡನ್ನೂ ಒಂದೇ ಪಟ್ಟಿಯಲ್ಲಿ ಬರೆಯಬೇಡಿ.

ಇಷ್ಟಾದ ಮೇಲೂ ಓದಿನ ಕೊನೆಗೆ ಒಂದು ಚುಚ್ಚು ಉಳಿಯುತ್ತದೆ, ಇದೇ ಹೊತ್ತಿನಲ್ಲಿ ಉತ್ತಮವಾದದ್ದನ್ನು ಓದಬಹುದಿತ್ತು ಎಂದು. ಈ ಚುಚ್ಚು ವಿಶ್ರಾಂತಿಯನ್ನೇ ಕೆಡಿಸುತ್ತದೆ. ಲಿಯೊನಾರ್ಡ್ ರೈನೆಕೆ ಮತ್ತು ಸಹಸಂಶೋಧಕರು 2014ರಲ್ಲಿ ಪ್ರಕಟಿಸಿದ ಅಧ್ಯಯನವೊಂದು, ಕೆಲಸದಿಂದ ದಣಿದವರು ಟಿವಿ ನೋಡುವುದನ್ನು, ಗೇಮ್ ಆಡುವುದನ್ನು ಕರ್ತವ್ಯದಿಂದ ನುಣುಚಿಕೊಳ್ಳುವಿಕೆಯೆಂದು ಭಾವಿಸಿದಾಗ ತಪ್ಪಿತಸ್ಥ ಭಾವಕ್ಕೆ ಒಳಗಾಗುತ್ತಾರೆಂದೂ, ಅದರಿಂದ ಅವರಿಗೆ ಸಿಗಬೇಕಾದ ಚೇತರಿಕೆ ಕಡಿಮೆಯಾಗುತ್ತದೆಂದೂ ಕಂಡುಕೊಂಡಿತು. ಪುಸ್ತಕದ ಓದು ಆ ಅಧ್ಯಯನದ ವಿಷಯವಾಗಿರಲಿಲ್ಲ, ಆದರೂ ನಿಮ್ಮ ಪತ್ರವನ್ನು ಓದುವಾಗ ನನಗೆ ಅದು ನೆನಪಾಯಿತು. ದಣಿದ ಸಂಜೆ ಆ ಸಂಪುಟವನ್ನು ಕೈಗೆತ್ತಿಕೊಳ್ಳುವುದಾದರೆ ಪೂರ್ತಿ ಮನಸ್ಸಿನಿಂದ ಓದಿ; ಬೇಡವೆನಿಸಿದರೆ ಮುಚ್ಚಿಡಿ. ಓದುತ್ತಲೇ ನಿಮ್ಮನ್ನು ನೀವು ಹಳಿದುಕೊಂಡರೆ ಆ ಸಂಜೆಯ ಸುಖವೂ ಸಿಗುವುದಿಲ್ಲ, ಉತ್ತಮ ಪುಸ್ತಕವೂ ಓದಾಗುವುದಿಲ್ಲ.

ಜೌಗುನಾಡಿನ ಬುಡಕಟ್ಟಿನ ವಿಚಾರ ಮಾತ್ರ ಬೇರೆಯೇ. ಒಂದು ಇಡೀ ಜನಸಮುದಾಯ ಹುಟ್ಟಿನಿಂದಲೇ ದುಷ್ಟ ಎಂದು ಕಥೆ ಒಪ್ಪಿಸಿದಾಗ, ಅವರನ್ನು ಕೊಲ್ಲುವ ದೃಶ್ಯಗಳಲ್ಲಿ ಓದುಗರ ಮನಸ್ಸು ಏನನ್ನೂ ಲೆಕ್ಕಕ್ಕಿಟ್ಟುಕೊಳ್ಳದೆ ಮುಂದೆ ಸಾಗುತ್ತದೆ. ಈ ಸರಾಗವೇ ಅಪಾಯ. ಇದು ಫ್ಯಾಂಟಸಿಯ ಹಳೆಯ ತೊಡಕು. ಟೋಲ್ಕಿನ್ ತಮ್ಮ ಕಥೆಗಳಲ್ಲಿ ದುಷ್ಟಪಡೆಯಾಗಿ ಬರುವ ಆರ್ಕ್‌ಗಳೆಂಬ ಜೀವಿಗಳ ಬಗ್ಗೆ, ಅವು ಎಲ್ಲಿಂದ ಬಂದವು, ಅವುಗಳಿಗೆ ಉದ್ಧಾರವೇ ಇಲ್ಲವೇ ಎಂಬ ಪ್ರಶ್ನೆಗಳ ಬಗ್ಗೆ, ಪತ್ರಗಳಲ್ಲಿಯೂ ಕೊನೆಗಾಲದ ಬರಹಗಳಲ್ಲಿಯೂ ಮತ್ತೆಮತ್ತೆ ತಡಕಾಡಿದರು. ಒಂದು ನೆಲೆಗೆ ಬಂದು ನಿಲ್ಲಲಿಲ್ಲ. ಸೃಷ್ಟಿಸಿದವರನ್ನೇ ಕಾಡಿದ ಪ್ರಶ್ನೆ ಓದುಗರನ್ನು ಕಾಡದಿದ್ದರೆ ಅದು ಒಳ್ಳೆಯ ಲಕ್ಷಣವಲ್ಲ. ಆದ್ದರಿಂದ ನಿಮ್ಮ ಈ ಕಿರಿಕಿರಿಯನ್ನು ‘ಇದು ಕಥೆ ಮಾತ್ರ’ ಎಂದು ಒರಸಿಹಾಕಬೇಡಿ. ಎರಡನೆಯ ಓದಿನಲ್ಲಿ ಆ ಬುಡಕಟ್ಟಿನವರು ಬರುವ ಕಡೆಗಳಲ್ಲಿ ಸ್ವಲ್ಪ ನಿಂತು ನೋಡಿ. ಅವರಲ್ಲಿ ಯಾರಿಗಾದರೂ ಹೆಸರಿದೆಯೇ, ಮಕ್ಕಳಿದ್ದಾರೆಯೇ, ಅವರು ತಮ್ಮತಮ್ಮಲ್ಲಿ ಮಾತನಾಡುವುದನ್ನು ನಾವೆಂದಾದರೂ ಕೇಳುತ್ತೇವೆಯೇ? ಹೆಸರನ್ನು ಕಳೆದುಕೊಳ್ಳುವ ದುಃಖವನ್ನು ಅಷ್ಟು ಆಳವಾಗಿ ಬರೆದವರು ಇನ್ನೊಂದು ಜನರಿಗೆ ಹೆಸರನ್ನೇ ಇಡದೆ ಹೋಗಿದ್ದರೆ, ಅದು ಸರಣಿಯ ಅತಿ ದೊಡ್ಡ ಲೋಪ, ಮತ್ತು ಅದನ್ನು ಗುರುತಿಸಬಲ್ಲವರು ಅದನ್ನು ಪ್ರೀತಿಯಿಂದ ಓದಿದವರೇ.

ಸ್ನೇಹಿತರಿಗೆ ‘ಗಿಲ್ಟಿ ಪ್ಲೆಷರ್’ ಎಂದು ಹೇಳಿ ಮಾತು ಮುಗಿಸುವ ಬದಲು ಸೇತುವೆಯ ಪ್ರಸಂಗವನ್ನು ಓದಿ ಹೇಳಿ. ಸರಣಿಯ ಬಗ್ಗೆ ನಿಮಗಿರುವ ದೂರುಗಳನ್ನೂ ಮುಚ್ಚುಮರೆಯಿಲ್ಲದೆ ಹೇಳಿ. ಅವರಿಗೆ ಇಷ್ಟವಾಗದಿದ್ದರೆ ಅದು ಅವರ ತೀರ್ಪು, ಅಷ್ಟೇ. ನಾಲ್ಕು ಮತ್ತು ಐದನೆಯ ಸಂಪುಟಗಳನ್ನು ಈ ಸಲ ಬಿಟ್ಟುಬಿಡುವುದಕ್ಕೆ ಯಾವ ಅಡ್ಡಿಯೂ ಇಲ್ಲ. ಜೊತೆಯಲ್ಲಿ ಬೇರೆ ಬಗೆಯ ಪುಸ್ತಕಗಳನ್ನೂ ಓದುತ್ತಿರಿ, ಪ್ರಾಯಶ್ಚಿತ್ತಕ್ಕಾಗಿ ಖಂಡಿತ ಬೇಡ. ಒಂದೇ ಲೇಖಕರ ವಾಕ್ಯಗಳ ಲಯ ದೀರ್ಘಕಾಲ ಕಿವಿಯಲ್ಲಿ ನಿಂತರೆ ಅದರ ಕೊರತೆಗಳು ಕೇಳಿಸದಂತಾಗುತ್ತವೆ ಎಂಬ ಕಾರಣಕ್ಕೆ.

ಮಗಳಿಗೆ ಪುಸ್ತಕಗಳನ್ನು ಕೊಡಿ. ಕೊಡುವಾಗ ಕುಂದುಗಳ ಪಟ್ಟಿಯನ್ನು ಒಪ್ಪಿಸಬೇಡಿ, ‘ಸುಮ್ಮನೆ ಟೈಂಪಾಸ್‌ಗೆ’ ಎಂದು ಮೊದಲೇ ಹಗುರಗೊಳಿಸಲೂ ಬೇಡಿ. ಎರಡೂ ಅವಳ ಓದನ್ನು ಅವಳಿಂದ ಕಿತ್ತುಕೊಂಡಂತೆ. ನಡುವಿನ ಸಂಪುಟಗಳಲ್ಲಿ ಬೇಸತ್ತು ನಿಲ್ಲಿಸಿದರೆ ಒತ್ತಾಯಿಸಬೇಡಿ. ಜೌಗುನಾಡಿನ ಭಾಗವನ್ನು ಅವಳು ದಾಟಿದ ಮೇಲೆ ಮಾತ್ರ, ಆ ಜನರ ಬಗ್ಗೆ ನಿನಗೆ ಏನನ್ನಿಸಿತು ಎಂದು ಕೇಳಿ, ಮತ್ತು ನಿಮ್ಮ ಅಭಿಪ್ರಾಯವನ್ನು ಹೇಳುವ ಮೊದಲು ಅವಳ ಉತ್ತರವನ್ನು ಪೂರ್ತಿಯಾಗಿ ಕೇಳಿಸಿಕೊಳ್ಳಿ.